ಹಡಗು ಬಂದು ನಿಂತಿತ್ತು, ದಡವೇ ದೂರವಿತ್ತು: ಐಎನ್‌ಎಸ್ ಸುಮೇಧಾ ಮತ್ತು ಸುಡಾನ್‌ಗೆ ಹೋದ ಹಕ್ಕಿಪಿಕ್ಕಿಗಳು

2023ರ ಏಪ್ರಿಲ್ 25ರಂದು ಐಎನ್‌ಎಸ್ ಸುಮೇಧಾ ಎಂಬ ನೌಕಾಪಡೆಯ ಹಡಗು ಪೋರ್ಟ್ ಸುಡಾನ್ ಬಂದರಿನಿಂದ 278 ಭಾರತೀಯರನ್ನು ಹತ್ತಿಸಿಕೊಂಡು ಸೌದಿ ಅರೇಬಿಯಾದ ಜೆಡ್ಡಾ ಕಡೆ ಹೊರಟಿತು. ಆ ಫೋಟೋ, ವಿಡಿಯೊಗಳನ್ನು ನೀವೂ ನೋಡಿರ್ತೀರಿ. ಕರ್ನಾಟಕದಲ್ಲಿ ಆಗ ವಿಧಾನಸಭೆ ಚುನಾವಣೆಯ ಪ್ರಚಾರ ಜೋರಾಗಿತ್ತು, ಮೇ 10ಕ್ಕೆ ಮತದಾನ. ಸುಡಾನ್ ಕಾರ್ಯಾಚರಣೆಗೆ ಕೇಂದ್ರ ಸರ್ಕಾರ ಇಟ್ಟ ಹೆಸರು 'ಆಪರೇಷನ್ ಕಾವೇರಿ'. ಇದು ಕಾಕತಾಳೀಯವೋ ಅಲ್ಲವೋ, ನೀವೇ ತೀರ್ಮಾನಿಸಿ. ಕೃಷ್ಣಾ-ತುಂಗಭದ್ರೆಯ ನಡುವೆ ಬದುಕುವ ನಮ್ಮಂಥವರಿಗೆ ನದಿಯ ಹೆಸರಿನ ರಾಜಕೀಯವೇನೂ ಹೊಸದಲ್ಲ.

ನಾನು ಹಟ್ಟಿಯವನು. ನೇರ ಗೆರೆ ಎಳೆದು ಅಳೆದರೂ ನಮ್ಮೂರಿಗೂ ಕಾರವಾರದ ಕಡಲಿಗೂ 300 ಕಿಲೋಮೀಟರ್ ಅಂತರ. ಇಲ್ಲಿ ಜನ ದುಡಿಯಲು ಹೋಗುವುದು ಭೂಮಿಯ ಕೆಳಗೆ, ಕಡಲ ಮೇಲಲ್ಲ. ಹಾಗಾಗಿ ನೌಕಾಪಡೆ ಅಂದರೆ ಇಲ್ಲಿ ಟಿವಿಯಲ್ಲಿ ಬಂದು ಹೋಗುವ ಸುದ್ದಿ ಅಷ್ಟೇ. ಆ ವಾರ ಚಹಾದಂಗಡಿಯಲ್ಲಿ ಗೆಳೆಯನೊಬ್ಬ ಕೇಳಿದ: "ಅಲ್ಲಪಾ, ವಿಮಾನ ಅದಾವಲ್ಲ, ಮತ್ತ ಹಡಗ್ಯಾಕ ಕಳಿಸ್ಯಾರ? ಅದು ಯಾವಾಗ ಮುಟ್ಟಬೇಕು?" ಪ್ರಶ್ನೆ ಸರಳ. ಉತ್ತರ ಹುಡುಕುತ್ತಾ ಹೋದರೆ ಮಾತ್ರ ಅದು ಹಡಗಿನ ಎಂಜಿನ್‌ಗಿಂತ ಬಹಳ ದೂರ ಎಳೆದುಕೊಂಡು ಹೋಗುತ್ತದೆ.

ಮೊದಲು ಹಡಗಿನ ಬಗ್ಗೆ ತಿಳಿಯೋಣ. ಸುಮೇಧಾ ಜನರನ್ನು ಸಾಗಿಸಲು ಕಟ್ಟಿದ ಹಡಗಲ್ಲ. ಅದು ಸರಯೂ ವರ್ಗದ ಗಸ್ತು ಹಡಗು. ಗೋವಾ ಶಿಪ್‌ಯಾರ್ಡ್‌ನಲ್ಲಿ ತಯಾರಾಗಿ 2014ರ ಮಾರ್ಚ್ 7ರಂದು ಸೇವೆಗೆ ಸೇರಿತು. ಉದ್ದ 105 ಮೀಟರ್, ತೂಕ 2,200 ಟನ್‌ಗೂ ಹೆಚ್ಚು. ಮುಂಭಾಗದಲ್ಲಿ 76 ಎಂಎಂ ಫಿರಂಗಿ, ಹಿಂಭಾಗದಲ್ಲಿ ಹೆಲಿಕಾಪ್ಟರ್ ಇಳಿಯುವ ಡೆಕ್. ಸಿಬ್ಬಂದಿ ನೂರಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಏಪ್ರಿಲ್ 25ರಂದು ಹತ್ತಿದ ಪ್ರಯಾಣಿಕರ ಸಂಖ್ಯೆ ಸಿಬ್ಬಂದಿಯ ಎರಡು ಪಟ್ಟಿಗೂ ಜಾಸ್ತಿ ಇತ್ತು. ಅಡುಗೆಮನೆ, ಶೌಚಾಲಯ, ಮಲಗುವ ಜಾಗ ಎಲ್ಲವೂ ನೂರು ಚಿಲ್ಲರೆ ಜನರ ಲೆಕ್ಕದಲ್ಲೇ ಕಟ್ಟಿದ್ದು. ಅಷ್ಟರಲ್ಲೇ ಕೂಸುಗಳಿಂದ ಹಿಡಿದು ಮುದುಕರವರೆಗೆ ಎಲ್ಲರಿಗೂ ಜಾಗ ಮಾಡಬೇಕು.

ಅದರ ಗರಿಷ್ಠ ವೇಗ 25 ನಾಟ್. ಕೇಳಲು ಚೆನ್ನಾಗಿದೆ, ಆದರೆ ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 46 ಕಿಲೋಮೀಟರ್. ಲಿಂಗಸುಗೂರಿನಿಂದ ರಾಯಚೂರಿಗೆ ಹೋಗುವ ನಮ್ಮ ಬಸ್ ಇದಕ್ಕಿಂತ ಜೋರಾಗಿ ಓಡುತ್ತದೆ. ಆದರೆ ಬಸ್ಸು ನಿಲ್ಲುತ್ತದೆ, ಹಡಗು ನಿಲ್ಲುವುದಿಲ್ಲ. 16 ನಾಟ್‌ನಂತೆ ನಿಧಾನಕ್ಕೆ ಹೋದರೂ ಹಗಲು ರಾತ್ರಿ ಸೇರಿ ದಿನಕ್ಕೆ 700 ಕಿಲೋಮೀಟರ್ ದಾಟುತ್ತದೆ. ಆ ವೇಗದಲ್ಲಿ ಒಮ್ಮೆ ತುಂಬಿಸಿದ ಇಂಧನದಲ್ಲಿ ಸುಮೇಧಾ 6,000 ನಾಟಿಕಲ್ ಮೈಲಿ, ಅಂದರೆ 11,000 ಕಿಲೋಮೀಟರ್ ಹೋಗಬಲ್ಲದು.

ಯುದ್ಧನೌಕೆಯನ್ನು ಜನಸಾಗಣೆಗೆ ಬಳಸುವುದಕ್ಕೆ ಹಳೆಯ ಇತಿಹಾಸವಿದೆ. ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮೊದಲು ಅಮೆರಿಕದ ನೌಕಾಪಡೆ ತನ್ನ ಹಳೆಯ ಡೆಸ್ಟ್ರಾಯರ್‌ಗಳನ್ನು 'ಹೈ ಸ್ಪೀಡ್ ಟ್ರಾನ್ಸ್‌ಪೋರ್ಟ್' ಆಗಿ ಬದಲಾಯಿಸತೊಡಗಿತು. ಮೊದಲನೆಯದು ಯುಎಸ್‌ಎಸ್ ಮ್ಯಾನ್ಲಿ. ನಾಲ್ಕು ಬಾಯ್ಲರ್‌ಗಳಲ್ಲಿ ಎರಡನ್ನು ಕಿತ್ತು ಹಾಕಿ, ಆ ಜಾಗದಲ್ಲಿ ಸೈನಿಕರಿಗೆ ಬಂಕ್ ಹಾಕಿದರು. ಸುಮಾರು 35 ನಾಟ್ ಇದ್ದ ವೇಗ 25ರ ಆಸುಪಾಸಿಗೆ ಇಳಿಯಿತು. ಆದರೂ ಸಾಮಾನ್ಯ ಸಾಗಣೆ ಹಡಗಿಗಿಂತ ಅದು ಬಹಳ ಚುರುಕು. ಕತ್ತಲಲ್ಲಿ ದಡಕ್ಕೆ ಬಂದು ಜನರನ್ನು ಇಳಿಸಿ, ಬೆಳಗಾಗುವ ಮೊದಲು ದೂರ ಹೋಗಿಬಿಡಬಹುದು. ಇದಕ್ಕೆ ತೆತ್ತ ಬೆಲೆಯೂ ಇತ್ತು. 1942ರಲ್ಲಿ ಗ್ವಾಡಲ್‌ಕೆನಾಲ್ ದ್ವೀಪದ ಸುತ್ತ ಇಂಥ ಮೂರು ಹಡಗುಗಳು, ಕಲ್‌ಹೂನ್, ಗ್ರೆಗರಿ ಮತ್ತು ಲಿಟ್ಲ್, ಒಂದು ವಾರದ ಅಂತರದಲ್ಲಿ ಮುಳುಗಿದವು. ಜನರಿಗೆ ಜಾಗ ಮಾಡಿದಷ್ಟೂ ಹಡಗಿನ ಶಕ್ತಿ ಕಡಿಮೆಯಾಗುತ್ತದೆ.

ನಮ್ಮ ಕಾಲದಲ್ಲಿ ಈ ಕೆಲಸಕ್ಕೆಂದೇ ಕಟ್ಟಿದ ಹಡಗುಗಳು ಬಂದಿವೆ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ 2003ರಲ್ಲಿ ತಯಾರಾದ 'ಸ್ವಿಫ್ಟ್' ಅವುಗಳಲ್ಲಿ ಒಂದು. ಎರಡು ಒಡಲಿನ, 98 ಮೀಟರ್ ಉದ್ದದ ಹಡಗು, ವೇಗ 40 ನಾಟ್‌ಗೂ ಹೆಚ್ಚು. ಅಮೆರಿಕದ ನೌಕಾಪಡೆ ಅದನ್ನು ಬಾಡಿಗೆಗೆ ಪಡೆದಿತ್ತು. 2005ರ ಕತ್ರಿನಾ ಚಂಡಮಾರುತದ ಪರಿಹಾರ ಕೆಲಸದಲ್ಲೂ ಬಳಸಿತು. ಆಮೇಲೆ ಅದು ಯುಎಇ ಕೈಗೆ ಹೋಯಿತು. 2016ರ ಅಕ್ಟೋಬರ್ 1ರಂದು ಯೆಮನ್ ತೀರದ ಬಳಿ ಹೂತಿಗಳ ಕ್ಷಿಪಣಿ ಬಡಿದು ಅದರ ಮುಂಭಾಗ ಸುಟ್ಟು ಕರಕಲಾಯಿತು. ಯುಎಇ ಅದು ಪರಿಹಾರ ಸಾಮಗ್ರಿ ಸಾಗಿಸುತ್ತಿತ್ತು ಅಂದಿತು, ಹೂತಿಗಳು ಅದು ಸೇನೆಯ ಹಡಗು ಅಂದರು. ಜಗತ್ತಿನ ಅತಿ ವೇಗದ ಹಡಗುಗಳಲ್ಲಿ ಒಂದಾಗಿದ್ದರೂ ಕ್ಷಿಪಣಿಯಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ. ಇದು ನಡೆದದ್ದು ಕೆಂಪು ಸಮುದ್ರದ ದಕ್ಷಿಣದ ಬಾಗಿಲಲ್ಲಿ. ಅದೇ ಸಮುದ್ರದ ಇನ್ನೊಂದು ಕಡೆ ಪೋರ್ಟ್ ಸುಡಾನ್ ಇದೆ.

ಈಗ ಗೆಳೆಯನ ಪ್ರಶ್ನೆಗೆ ಬರೋಣ. ವಿಮಾನ ಇರುವಾಗ ಹಡಗು ಯಾಕೆ?

2023ರ ಏಪ್ರಿಲ್ 15ರಂದು ಸುಡಾನ್ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಒಂದು ಕಡೆ ಜನರಲ್ ಬುರ್ಹಾನ್, ಇನ್ನೊಂದು ಕಡೆ ಹೆಮೆಡ್ತಿ ಎಂದೇ ಹೆಸರಾದ ಮೊಹಮ್ಮದ್ ಹಮ್ದಾನ್ ದಗಾಲೊ. ಮೊದಲ ದಿನವೇ ಗುಂಡು ಬಿದ್ದದ್ದು ಖಾರ್ಟೂಮ್ ವಿಮಾನ ನಿಲ್ದಾಣದ ಮೇಲೆ. ಅಧಿಕಾರ ಹಿಡಿಯಲು ಹೊರಟವರು ಮೊದಲು ಕಣ್ಣು ಹಾಕುವುದೇ ರನ್‌ವೇ ಮೇಲೆ. ರನ್‌ವೇ ಹೋದರೆ ವಿಮಾನ ಎಷ್ಟಿದ್ದರೇನು. ಹಡಗಿಗೆ ಹಾಗಲ್ಲ. ಒಂದು ದೇಶದ ಪ್ರಾದೇಶಿಕ ಜಲಗಡಿ ದಡದಿಂದ 12 ನಾಟಿಕಲ್ ಮೈಲಿವರೆಗೆ. ಅದರಾಚೆ ನಿಂತು ಕಾಯಲು ಹಡಗು ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ಅನ್ನ, ನೀರು, ಡಾಕ್ಟರು, ಇಂಧನ, ಬಂದೂಕು ಎಲ್ಲವೂ ಅದರೊಳಗೇ ಇರುತ್ತವೆ. ವಿಮಾನ ಆಕಾಶದಲ್ಲಿ ಒಂದು ವಾರ ಕಾಯಲಾರದು, ಹಡಗು ಕಾಯುತ್ತದೆ.

ನನಗನ್ಸೋದು, ಇಂಥ ಹಡಗಿನ ನಿಜವಾದ ವೇಗ ಎಂಜಿನ್‌ನಲ್ಲಿಲ್ಲ, ಅದು ಮೊದಲೇ ಎಲ್ಲಿ ನಿಂತಿದೆ ಅನ್ನೋದರಲ್ಲಿದೆ. ಮುಂಬೈನಿಂದ ಪೋರ್ಟ್ ಸುಡಾನ್‌ಗೆ ಸುಮಾರು 2,300 ನಾಟಿಕಲ್ ಮೈಲಿ. 16 ನಾಟ್‌ನಲ್ಲಿ ಹೊರಟರೆ ಆರು ದಿನ. ಅದೇ ಏಡನ್ ಕೊಲ್ಲಿಯ ಬಾಯಲ್ಲಿದ್ದರೆ ಎರಡು ದಿನವೂ ಬೇಡ. ಸೊಮಾಲಿಯಾದ ಕಡಲ್ಗಳ್ಳರ ಕಾಟ ಶುರುವಾದಾಗಿನಿಂದ, ಅಂದರೆ 2008ರ ಅಕ್ಟೋಬರ್‌ನಿಂದ, ಭಾರತದ ನೌಕಾಪಡೆ ಏಡನ್ ಕೊಲ್ಲಿಯಲ್ಲಿ ಹಡಗುಗಳನ್ನು ಗಸ್ತಿಗೆ ಇಡುತ್ತಾ ಬಂದಿದೆ. 2015ರಲ್ಲಿ ಯೆಮನ್ ಹೊತ್ತಿ ಉರಿದಾಗ ಇದು ಉಪಯೋಗಕ್ಕೆ ಬಂತು. ಮಾರ್ಚ್ 31ರಂದು ಸುಮೇಧಾದ ಸೋದರಿ ಹಡಗು ಸುಮಿತ್ರಾ ಏಡನ್ ಬಂದರಿಗೆ ನುಗ್ಗಿ 349 ಜನರನ್ನು ಜಿಬೂಟಿಗೆ ಸಾಗಿಸಿತು. ಆ 'ಆಪರೇಷನ್ ರಾಹತ್'ನಲ್ಲಿ ಭಾರತ ತನ್ನವರ ಜೊತೆ 41 ದೇಶಗಳ 960 ಜನರನ್ನೂ ಹೊರತಂದಿತು. ಅದಕ್ಕೂ ಮೊದಲು 2006ರಲ್ಲಿ ಲೆಬನಾನ್‌ನಿಂದ ಸೈಪ್ರಸ್‌ಗೆ ಇದೇ ಕೆಲಸ ನಡೆದಿತ್ತು. 2011ರಲ್ಲಿ ಲಿಬಿಯಾಕ್ಕೆ ಹೊರಟ ಹಡಗುಗಳಲ್ಲಿ ನಮ್ಮ ಹೆಸರಿನ ಐಎನ್‌ಎಸ್ ಮೈಸೂರು ಕೂಡ ಇತ್ತು. 2020ರ ಮೇನಲ್ಲಿ, ಕೋವಿಡ್ ಕಾಲದಲ್ಲಿ, ಐಎನ್‌ಎಸ್ ಜಲಾಶ್ವ ಮಾಲ್ಡೀವ್ಸ್‌ನಿಂದ ಒಂದೇ ಸಲಕ್ಕೆ 698 ಜನರನ್ನು ಕೊಚ್ಚಿಗೆ ತಂದಿತು. ಜಲಾಶ್ವ ಸೈನಿಕರನ್ನು ಸಾಗಿಸಲಿಕ್ಕೆಂದೇ ಕಟ್ಟಿದ ದೊಡ್ಡ ಹಡಗು, ಅಮೆರಿಕದಿಂದ 2007ರಲ್ಲಿ ಕೊಂಡ ಹಳೆಯ ಯುಎಸ್‌ಎಸ್ ಟ್ರೆಂಟನ್. ನೋಡಿ, ಸರ್ಕಾರಗಳು ಬದಲಾದವು, ಕಾರ್ಯಾಚರಣೆಯ ಹೆಸರುಗಳು ಬದಲಾದವು, ಕೆಲಸ ಮಾತ್ರ ಮುಂದುವರಿದಿದೆ. ಹಾಗಾಗಿ ಇದನ್ನು ಯಾವುದೇ ಒಂದು ಪಕ್ಷದ ಸಾಧನೆ ಅನ್ನುವ ವಾಟ್ಸಾಪ್ ಫಾರ್ವರ್ಡ್ ಬಂದರೆ ನಗುವುದು ಬಿಟ್ಟು ಬೇರೇನೂ ಮಾಡಬೇಕಿಲ್ಲ.

ಏಪ್ರಿಲ್ 23ರ ಹೊತ್ತಿಗೆ ಸುಮೇಧಾ ಪೋರ್ಟ್ ಸುಡಾನ್ ತಲುಪಿತ್ತು. ವಾಯುಪಡೆಯ ಎರಡು ಸಿ-130ಜೆ ವಿಮಾನಗಳು ಜೆಡ್ಡಾದಲ್ಲಿ ಸಿದ್ಧವಾಗಿ ನಿಂತಿದ್ದವು. ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ ನೇರ 300 ಕಿಲೋಮೀಟರ್, ಅಂದರೆ ನಮ್ಮೂರಿನಿಂದ ಕಾರವಾರಕ್ಕೆ ಇರುವಷ್ಟೇ ದೂರ. ಸುಮೇಧಾ ಜೊತೆಗೆ ತೇಗ್, ತರ್ಕಶ್ ಎಂಬ ಇನ್ನೂ ದೊಡ್ಡ ಯುದ್ಧನೌಕೆಗಳೂ ಬಂದವು. ಮೇ 5ಕ್ಕೆ ಎಲ್ಲ ಮುಗಿದಾಗ ಒಟ್ಟು 3,862 ಜನ ಹೊರಬಂದಿದ್ದರು. ನೌಕಾಪಡೆಯ ಐದು ಸುತ್ತು, ವಾಯುಪಡೆಯ 17 ಹಾರಾಟ. ವಿಮಾನವೇ ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಏಪ್ರಿಲ್ 27ರ ರಾತ್ರಿ ಖಾರ್ಟೂಮ್‌ನ ಉತ್ತರಕ್ಕಿರುವ ವಾದಿ ಸೈದ್ನಾ ಎಂಬಲ್ಲಿ, ದೀಪವೂ ಇಲ್ಲದ ಹಾಳು ರನ್‌ವೇ ಮೇಲೆ, ನೈಟ್ ವಿಷನ್ ಕನ್ನಡಕ ಹಾಕಿಕೊಂಡು ವಿಮಾನ ಇಳಿಸಿ 121 ಜನರನ್ನು ತಂದರು. ಇವರು ಪೋರ್ಟ್ ಸುಡಾನ್ ತಲುಪಲು ದಾರಿಯೇ ಇಲ್ಲದವರು.

ಕತೆ ನಿಜವಾಗಿ ಇರುವುದು ಆ ದಾರಿಯಲ್ಲಿ.

ಖಾರ್ಟೂಮ್‌ನಿಂದ ಪೋರ್ಟ್ ಸುಡಾನ್‌ಗೆ ರಸ್ತೆಯಲ್ಲಿ 800 ಕಿಲೋಮೀಟರ್‌ಗೂ ಹೆಚ್ಚು. ಯುದ್ಧದ ನಡುವೆ, ಬಸ್ಸಿನಲ್ಲಿ, ಯಾವ ಚೆಕ್‌ಪೋಸ್ಟ್ ಯಾರದು ಅಂತ ತಿಳಿಯದೆ ಹೋಗಬೇಕು. ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ 31 ಜನ ಸಿಕ್ಕಿಬಿದ್ದಿದ್ದು ಖಾರ್ಟೂಮ್‌ನಲ್ಲೂ ಅಲ್ಲ, ದಾರ್ಫರ್ ಪ್ರಾಂತ್ಯದ ಅಲ್ ಫಶೀರ್‌ನಲ್ಲಿ. ಅದು ಖಾರ್ಟೂಮ್‌ನಿಂದ ನೇರ ಗೆರೆಯಲ್ಲೇ ಇನ್ನೂ 800 ಕಿಲೋಮೀಟರ್ ಪಶ್ಚಿಮಕ್ಕಿದೆ. ಹಡಗು ನಿಂತಿದ್ದು ದೇಶದ ಪೂರ್ವದ ಅಂಚಿನಲ್ಲಿ, ಇವರಿದ್ದದ್ದು ಪಶ್ಚಿಮದಲ್ಲಿ. ಕಡಲಿನ 300 ಕಿಲೋಮೀಟರ್ ದಾಟುವುದು ಸುಲಭದ ಭಾಗ.

ಹಕ್ಕಿಪಿಕ್ಕಿಗಳು ಸುಡಾನ್‌ಗೆ ಯಾಕೆ ಹೋದರು? ಹೆಸರೇ ಹೇಳುವಂತೆ ಇವರು ಹಕ್ಕಿ ಹಿಡಿದು ಬದುಕಿದವರು. ಮನೆಯಲ್ಲಿ ಆಡುವುದು ಗುಜರಾತಿಗೆ ಹತ್ತಿರದ ವಾಗ್ರಿ ಭಾಷೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಇವರ ಸಂಖ್ಯೆ 11,892. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ಚನ್ನಗಿರಿ ತಾಲ್ಲೂಕಿನ ಊರುಗಳು, ಶಿವಮೊಗ್ಗದ ಸುತ್ತಮುತ್ತ ಇವರ ಕ್ಯಾಂಪ್‌ಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಕಾಯ್ದೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಟೆ ಬಿಟ್ಟವರು ಏನು ಮಾಡಬೇಕು ಅನ್ನೋದಕ್ಕೆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಅವರೇ ಕಂಡುಕೊಂಡರು: ಗಿಡಮೂಲಿಕೆ, ತಲೆಗೂದಲಿನ ಎಣ್ಣೆ. ಜಾತ್ರೆಗಳಲ್ಲಿ ಮಾರಿದರು, ಆಮೇಲೆ ಆಫ್ರಿಕಾದ ದೇಶಗಳಿಗೆ ಹೋಗಿ ಮಾರಿದರು. ಶಾಲೆ ಅರ್ಧಕ್ಕೆ ಬಿಟ್ಟವರು ಸಾಲ ತಂದು, ಸರಕು ಹೊತ್ತು, ಭಾಷೆ ಗೊತ್ತಿಲ್ಲದ ದೇಶದಲ್ಲಿ ವ್ಯಾಪಾರ ಕಟ್ಟಿದರು. ನಮ್ಮ ಸ್ಟಾರ್ಟಪ್ ಭಾಷಣಗಳಲ್ಲಿ ಇವರ ಹೆಸರು ಯಾರೂ ತೆಗೆಯುವುದಿಲ್ಲ.

ಏಪ್ರಿಲ್ 18ರಂದು, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಇವರನ್ನು ಕರೆತರುವಂತೆ ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಜೈಶಂಕರ್ ಆ ಟ್ವೀಟಿಗೇ ಆಘಾತ ವ್ಯಕ್ತಪಡಿಸಿ, ಜೀವದ ಪ್ರಶ್ನೆ ಇರುವಾಗ ರಾಜಕೀಯ ಮಾಡಬೇಡಿ ಅಂದರು. ನೀವು ಆಘಾತಗೊಳ್ಳುವುದರಲ್ಲೇ ಬ್ಯುಸಿ ಇದ್ದರೆ ಸಹಾಯ ಮಾಡುವವರು ಯಾರೆಂದು ತೋರಿಸಿ ಅಂತ ಸಿದ್ದರಾಮಯ್ಯ ತಿರುಗೇಟು ಕೊಟ್ಟರು. ಎರಡು ದಿನ ಟಿವಿಗೆ ಇದೇ ಊಟ. ಸಚಿವರ ಮಾತಿನಲ್ಲಿ ಒಂದು ನಿಜವಿತ್ತು: ಯುದ್ಧ ನಡೆಯುವಾಗ ಯಾರು ಎಲ್ಲಿದ್ದಾರೆಂದು ಬಹಿರಂಗವಾಗಿ ಹೇಳುವುದು ಅಪಾಯ. ಆದರೆ ನಾಗರಿಕರ ಪರವಾಗಿ ವಿರೋಧ ಪಕ್ಷ ಕೇಳುವುದನ್ನೇ ರಾಜಕೀಯ ಅನ್ನುವುದಾದರೆ ರಾಜಕೀಯ ಇರುವುದಾದರೂ ಯಾತಕ್ಕೆ? ಏಪ್ರಿಲ್ 28ರಂದು ಜೆಡ್ಡಾದಿಂದ 362 ಜನರ ವಿಮಾನ ಬೆಂಗಳೂರಿಗೆ ಬಂತು, ಅದರಲ್ಲಿ ಬಹಳಷ್ಟು ಮಂದಿ ಹಕ್ಕಿಪಿಕ್ಕಿಗಳು. ಮೇ 7ರಂದು ಪ್ರಧಾನಿ ಮೋದಿ ಶಿವಮೊಗ್ಗದಲ್ಲಿ ಇವರನ್ನು ಭೇಟಿಯಾದರು. ಮತದಾನಕ್ಕೆ ಇನ್ನು ಮೂರೇ ದಿನ. ರಾಜಕೀಯ ಮಾಡಬೇಡಿ ಅನ್ನುವ ಮಾತು ಅಷ್ಟೊತ್ತಿಗೆ ಮರೆತುಹೋಗಿತ್ತು ಅನ್ಸುತ್ತೆ.

ಈ ಜಗಳದಲ್ಲಿ ಕಳೆದುಹೋದ ಪ್ರಶ್ನೆ ಒಂದಿದೆ. ಅದನ್ನು ಹೇಳಲು ನಮ್ಮೂರಿನ ಗಣಿಯ ಲೆಕ್ಕವೇ ಬೇಕು. ಗಣಿಯಲ್ಲಿ ಶಿಫ್ಟಿಗೆ ಇಳಿಯುವ ಪ್ರತಿಯೊಬ್ಬನ ಹಾಜರಿ ಮೇಲೆ ದಾಖಲಾಗಬೇಕು. ಇದು ದಯೆಯಲ್ಲ, ಕಾನೂನು. ಕೆಳಗೆ ಕಲ್ಲು ಕುಸಿದರೆ ಮೇಲಿದ್ದವರಿಗೆ ಮೊದಲು ಗೊತ್ತಾಗಬೇಕಾದದ್ದು ಕೆಳಗೆ ಎಷ್ಟು ಜನ, ಯಾರ್ಯಾರು, ಯಾವ ಕಡೆ ಎಂಬುದು. ಆ ಪಟ್ಟಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ರಕ್ಷಣಾ ತಂಡ ಬಂದರೂ ಕತ್ತಲಲ್ಲಿ ತಡಕಾಡಬೇಕು.

ವಿದೇಶಕ್ಕೆ ದುಡಿಯಲು ಹೋಗುವವರ ಪಟ್ಟಿ ನಮ್ಮಲ್ಲಿ ಹೇಗಿದೆ? 1983ರ ವಲಸೆ ಕಾಯ್ದೆಯಂತೆ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇಸಿಆರ್' ವರ್ಗಕ್ಕೆ ಸೇರುತ್ತದೆ. ಇಂಥವರು 18 ದೇಶಗಳಿಗೆ ನೌಕರಿಗೆ ಹೋಗುವಾಗ ಸರ್ಕಾರದ ಅನುಮತಿ ಪಡೆಯಬೇಕು. ಆ 18ರಲ್ಲಿ ಸುಡಾನ್ ಕೂಡ ಇದೆ. ಅನುಮತಿ ಪಡೆದವರ ಹೆಸರು ದಾಖಲಾಗುತ್ತದೆ, ಅವರಿಗೆ 10 ಲಕ್ಷ ರೂಪಾಯಿಯ ವಿಮೆಯೂ ಇದೆ. ಆದರೆ ಇದೆಲ್ಲ 'ನೌಕರಿ'ಗೆ ಹೋಗುವವರಿಗೆ. ಎಣ್ಣೆ ಬಾಟಲಿ ಹೊತ್ತು ಸ್ವಂತ ವ್ಯಾಪಾರಕ್ಕೆ ಹೋದವನಿಗೆ ಮಾಲೀಕನಿಲ್ಲ, ಕಾಂಟ್ರ್ಯಾಕ್ಟ್ ಇಲ್ಲ. ಹಾಗಾಗಿ ಅವನು ಈ ಲೆಕ್ಕದೊಳಗೇ ಬರುವುದಿಲ್ಲ. ಕಂಪನಿಯ ಎಂಜಿನಿಯರ್ ಸಿಕ್ಕಿಬಿದ್ದರೆ ಕಂಪನಿಯೇ ರಾಯಭಾರ ಕಚೇರಿಗೆ ಪಟ್ಟಿ ಕೊಡುತ್ತದೆ. ಹಕ್ಕಿಪಿಕ್ಕಿಗೆ ಇರುವುದು ಮೊಬೈಲ್, ಊರಿನ ನೆಂಟರು, ಒಂದು ವೈರಲ್ ವಿಡಿಯೊ. ಅದೃಷ್ಟ ಇದ್ದರೆ ಚುನಾವಣೆ.

ಇದನ್ನು ಹೇಳಿದರೆ, ಎಲ್ಲರನ್ನೂ ಕರೆತಂದರಲ್ಲ ಮತ್ತೇನು ಅಂತ ಕೇಳುವವರಿದ್ದಾರೆ. ಕರೆತಂದದ್ದು ನಿಜ, ಹಡಗಿನ ಹುಡುಗರ ಕೆಲಸಕ್ಕೆ ನನ್ನ ಸಲಾಮು. ಆದರೆ ಬಂದಿಳಿದವರ ಪಾಡು? ಹಳದಿ ಜ್ವರದ ಲಸಿಕೆಯ ದಾಖಲೆ ಇಲ್ಲದ ಕೆಲವರನ್ನು ಬೆಂಗಳೂರಿನಲ್ಲೇ ಕ್ವಾರಂಟೈನ್‌ಗೆ ಹಾಕಿದರು, ಅದು ಆರೋಗ್ಯದ ನಿಯಮ, ಸರಿ. ಸರಕು ಮಾತ್ರ ಸುಡಾನ್‌ನಲ್ಲೇ ಉಳಿಯಿತು, ಸಾಲ ಊರಿನಲ್ಲಿ ಕಾಯುತ್ತಿತ್ತು. ನಮ್ಮ ಪಕ್ಕದ ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ದಶಕಗಳ ಕಾಲ ಪೌರತ್ವದ ಕಾಗದಕ್ಕೆ ಅಲೆದದ್ದನ್ನು ನೋಡಿದವರು ನಾವು. ಜನರನ್ನು ತಂದು ಇಳಿಸುವುದಕ್ಕೂ ಅವರಿಗೆ ಬದುಕು ಕಟ್ಟಿಕೊಡುವುದಕ್ಕೂ ನಡುವಿನ ಅಂತರ ನಮ್ಮ ಭಾಗದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಸುಮೇಧಾ ಅಲ್ಲಿಂದ ತನ್ನ ಗಸ್ತಿಗೆ ಮರಳಿತು. 2024ರ ಮಾರ್ಚ್ 29ರ ನಸುಕಿನಲ್ಲಿ, ಸೊಕೋತ್ರಾ ದ್ವೀಪದ ಆಚೆ, ಕಡಲ್ಗಳ್ಳರು ವಶಪಡಿಸಿಕೊಂಡಿದ್ದ ಇರಾನಿನ 'ಅಲ್ ಕಂಬರ್' ಎಂಬ ಮೀನುಗಾರಿಕಾ ದೋಣಿಯನ್ನು ಅದು ಅಡ್ಡಗಟ್ಟಿತು. ಐಎನ್‌ಎಸ್ ತ್ರಿಶೂಲ್ ಜೊತೆಗೂಡಿತು. ಸುಮಾರು 12 ಗಂಟೆಯ ಒತ್ತಡದ ನಂತರ ಕಡಲ್ಗಳ್ಳರು ಶರಣಾದರು. ಬಿಡುಗಡೆಯಾದ 23 ಮೀನುಗಾರರೂ ಪಾಕಿಸ್ತಾನದವರು. ಹ್ಯಾಷ್‌ಟ್ಯಾಗ್ ಗಲಾಟೆಯಲ್ಲಿ ಇದು ಅಷ್ಟು ಓಡಲಿಲ್ಲ. ನನಗೆ ಮಾತ್ರ ಇದೇ ಈ ಹಡಗಿನ ಸೇವಾ ಚರಿತ್ರೆಯ ಅತ್ಯಂತ ಚೆಂದದ ಪುಟ.

ಅತ್ತ ಸುಡಾನ್ ಯುದ್ಧ ನಿಲ್ಲಲಿಲ್ಲ. ಕೋಟಿಗೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು, ಅವರಿಗಾಗಿ ಬಂದರಿನಲ್ಲಿ ಯಾವ ದೇಶದ ಹಡಗೂ ಕಾಯಲಿಲ್ಲ. ನಮ್ಮ 31 ಜನ ಸಿಕ್ಕಿಬಿದ್ದಿದ್ದ ಅಲ್ ಫಶೀರ್ ನಗರ ವರ್ಷಕ್ಕೂ ಹೆಚ್ಚು ಕಾಲ ಮುತ್ತಿಗೆಯಲ್ಲಿದ್ದು, 2025ರ ಅಕ್ಟೋಬರ್ ಕೊನೆಯಲ್ಲಿ ಆರ್‌ಎಸ್‌ಎಫ್ ಕೈಗೆ ಬಿತ್ತು. ಅದರ ಜೊತೆ ಬಂದ ಸಾಮೂಹಿಕ ಹತ್ಯೆಯ ಸುದ್ದಿ ನಮ್ಮ ಟಿವಿಗಳಲ್ಲಿ ಒಂದು ನಿಮಿಷವೂ ನಿಲ್ಲಲಿಲ್ಲ. ಅಲ್ಲಿ ಈಗ ನಮ್ಮವರಿಲ್ಲವಲ್ಲ.

ಅದೇ ಅಕ್ಟೋಬರ್‌ನಲ್ಲಿ ವಿದೇಶಾಂಗ ಸಚಿವಾಲಯ 1983ರ ಕಾಯ್ದೆಯ ಜಾಗಕ್ಕೆ 'ಓವರ್‌ಸೀಸ್ ಮೊಬಿಲಿಟಿ' ಎಂಬ ಹೊಸ ಮಸೂದೆಯ ಕರಡನ್ನು ಜನಾಭಿಪ್ರಾಯಕ್ಕೆ ಬಿಟ್ಟಿತು. ಓದಲು ಬೇಸರ ಬರಿಸುವ ದಾಖಲೆ, ಆದರೂ ಓದಿ. ವಲಸಿಗ ಅಂದರೆ ಯಾರು ಎಂದು ವಿವರಿಸುವ ಭಾಗದಲ್ಲಿ ಎಣ್ಣೆ ಬಾಟಲಿ ಹೊತ್ತು ಸ್ವಂತಕ್ಕೆ ಹೊರಟವನಿಗೆ ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ನಮ್ಮ ರಾಯಚೂರಿನವರಿಗೆ ನಾನು ಬರೆಯುತ್ತಿದ್ದೇನೆ.